ಅಡಕೊತ್ತಿನಲ್ಲಿ ಕತ್ತರಿಸಿದ ಗುಳಿಗೆ

ನನ್ನ ಸಣ್ಣವ್ವ, ಅಂದರೆ ಅವ್ವನ ತಂಗಿ, ಒಂದು ಬಾಳೆಹಣ್ಣನ್ನು ತಾನೊಬ್ಬಳೇ ತಿಂದಿದ್ದನ್ನು ನಾನು ನೋಡಲೇ ಇಲ್ಲ. ಕಮಲಾಪುರದಿಂದ ಕಲಬುರಗಿಗೆ ನಮ್ಮ ಮನೆಗೆ ಬರುವಾಗ ಅವಳ ಚೀಲದಲ್ಲಿ ಅಲ್ಲಿಯ ಕೆಂಪು ಬಾಳೆ ಒಂದೋ ಎರಡೋ ಇರುತ್ತಿದ್ದವು. ಬಂದು ಕೂತವಳೇ ಸಿಪ್ಪೆ ಸುಲಿದು, ಈಳಿಗೆಯಲ್ಲಿ ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿ, ನನಗೆ, ನನ್ನ ಯಜಮಾನರಿಗೆ, ಮಗಳಿಗೆ, ಮೇಲಿನ ಮನೆಯವರಿಗೆ, ಭಾಂಡೆ ತೊಳೆಯಲು ಬರುವಾಕೆಗೆ ಕೊಟ್ಟು, ಕಡೆಗೆ ಸಿಪ್ಪೆಗೆ ಅಂಟಿಕೊಂಡದ್ದನ್ನು ಉಗುರಿನಿಂದ ಕೆರೆದು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ನೀನೂ ಒಂದು ಬಿಲ್ಲೆ ತಿನ್ನು ಅಂದರೆ, "ಉಂಡೇ ಬಂದೀನವ್ವಾ" ಅನ್ನುವಳು. ಅದು ಸುಳ್ಳು ಎಂದು ಅವಳಿಗೂ ಗೊತ್ತು, ನಮಗೂ ಗೊತ್ತು.

ಗುಳಿಗೆಯ ವಿಷಯದಲ್ಲೂ ಹಾಗೆಯೇ. ನಾನು ಚಿಕ್ಕವಳಿದ್ದಾಗ ಬೇಸಿಗೆ ರಜೆಗೆ ಮಹಾಗಾಂವದ ಅಜ್ಜನ ಮನೆಯಲ್ಲಿ ಎಂಟು ಹತ್ತು ಮಕ್ಕಳು ಸೇರುತ್ತಿದ್ದೆವು. ಒಬ್ಬರಿಗೆ ಜ್ವರವೋ ಹೊಟ್ಟೆನೋವೋ ಬಂತೆಂದರೆ ಡಾಕ್ಟರು ಕಾಗದದ ಪೊಟ್ಟಣದಲ್ಲಿ ಗುಳಿಗೆ ಕಟ್ಟಿಕೊಡುತ್ತಿದ್ದರು. ಸಣ್ಣವ್ವ ಅಜ್ಜಿಯ ಎಲೆಡಬ್ಬಿಯಿಂದ ಅಡಕೊತ್ತು ತೆಗೆದು ಆ ಗುಳಿಗೆಗಳನ್ನು ಅಡಿಕೆಯ ಹಾಗೆ ಕತ್ತರಿಸುವಳು. ಒಂದೊಂದು ಚೂರು ಬೆಲ್ಲದಲ್ಲಿ ಒತ್ತಿ ಎಲ್ಲರ ಕೈಗೂ ಬರುತ್ತಿತ್ತು. "ಎಲ್ಲಾರೂ ಒಂದ ಗಡಿಗ್ಯಾಗಿಂದು ಉಂಡೀರಿ. ಬ್ಯಾನಿ ಬಂದ್ರ ಎಲ್ಲಾರಿಗೂ ಬರೂದ. ಔಷಧಾನೂ ಎಲ್ಲಾರಿಗೂ ಮುಟ್ಟಬೇಕು" ಎನ್ನುವುದು ಅವಳ ನ್ಯಾಯ. ಮನೆಯ ದೊಡ್ಡವರು ಯಾರೂ ಬೇಡ ಅನ್ನಲಿಲ್ಲ. ರೊಟ್ಟಿಯಾಗಲಿ, ಹಪ್ಪಳವಾಗಲಿ, ಒಬ್ಬರು ತಿನ್ನುವಾಗ ಇನ್ನೊಬ್ಬರು ಬಾಯಿ ನೋಡುತ್ತ ಕೂತಿರುವುದು ಆ ಮನೆಯಲ್ಲಿ ಎಲ್ಲಕ್ಕಿಂತ ದೊಡ್ಡ ಪಾಪವಾಗಿತ್ತು. ನಾವು ಕಹಿ ಬೆಲ್ಲ ನುಂಗಿ ಮುಖ ಕಿವುಚುತ್ತ ಅಂಗಳಕ್ಕೆ ಓಡುತ್ತಿದ್ದೆವು.

ಸಣ್ಣವ್ವನಿಗೆ ಮಕ್ಕಳಾಗಲಿಲ್ಲ. ಗಂಡ ಬೇಗ ಹೋದ. ಎಂಬತ್ತರ ದಶಕದ ಮೊದಲಲ್ಲಿ ಕಮಲಾಪುರದ ಒಂದು ಹೆಣ್ಣುಮಕ್ಕಳ ವಸತಿನಿಲಯದಲ್ಲಿ ಅಡುಗೆಗೆ ನಿಂತಳು. ಸುತ್ತಲಿನ ಹಳ್ಳಿ ತಾಂಡಾಗಳಿಂದ ಹೈಸ್ಕೂಲು ಓದಲು ಬಂದ ಹುಡುಗಿಯರು ಅವಳನ್ನು ಆಯಿ ಎಂದು ಕರೆಯುತ್ತಿದ್ದರು. ಅಡುಗೆಮನೆಗೆ ಹತ್ತಿಕೊಂಡಿದ್ದ ಪುಟ್ಟ ಕೋಣೆಯೇ ಅವಳ ಮನೆ. ನಾನು ಎಷ್ಟು ಕರೆದರೂ ಕಲಬುರಗಿಯಲ್ಲಿ ಎರಡು ದಿನಕ್ಕಿಂತ ಹೆಚ್ಚು ನಿಲ್ಲುತ್ತಿರಲಿಲ್ಲ. "ಹುಡುಗ್ಯಾರು ಉಪಾಸ ಬೀಳ್ತಾವ" ಎಂದು ಚೀಲ ಹೆಗಲಿಗೇರಿಸುವಳು. ಅವಳಿಲ್ಲದಿದ್ದರೆ ಅಲ್ಲಿ ಯಾರೂ ಉಪವಾಸ ಬೀಳುತ್ತಿರಲಿಲ್ಲ, ಅದು ಬೇರೆ. ಆ ಒಲೆ ಬಿಟ್ಟರೆ ಅವಳಿಗೆ ತನ್ನದು ಅಂತ ಜಗತ್ತಿನಲ್ಲಿ ಏನೂ ಇರಲಿಲ್ಲ.

ನಾನು ಕಲಬುರಗಿಯ ಒಂದು ಆಸ್ಪತ್ರೆಯ ಪ್ರಯೋಗಾಲಯದಲ್ಲಿದ್ದೆ. ಸೂಕ್ಷ್ಮಜೀವಿಗಳನ್ನು ಬೆಳೆಸಿ ಗುರುತು ಹಿಡಿಯುವ ಕೆಲಸ. ಮದುವೆ ಮುಂಜಿಗಳಲ್ಲಿ ಯಾರಾದರೂ ಏನು ಮಾಡುತ್ತೀರಿ ಎಂದು ಕೇಳಿದರೆ ಆಸ್ಪತ್ರೆಯಲ್ಲಿದ್ದೇನೆ ಎಂದಷ್ಟೇ ಹೇಳಿ ಮಾತು ಬದಲಿಸುತ್ತಿದ್ದೆ. ದಿನವಿಡೀ ಜನರ ಮಲ, ಮೂತ್ರ, ಕೀವು ನೋಡುತ್ತೇನೆ ಅಂದರೆ ಪಕ್ಕದ ಎಲೆಯವರು ಊಟ ಬಿಟ್ಟು ಎದ್ದಾರು.

ಕೆಲಸ ಇಷ್ಟೇ. ತಟ್ಟೆಯಲ್ಲಿ ಅಗಾರ್ ಎಂಬ ಅಂಟಿನ ಹಾಸು ಇರುತ್ತದೆ. ರೋಗಿಯಿಂದ ಬಂದ ಬ್ಯಾಕ್ಟೀರಿಯಾವನ್ನು ಅದರ ಮೇಲೆಲ್ಲ ಸವರಿ, ಬೇರೆ ಬೇರೆ ಔಷಧ ಹೀರಿದ ಕಾಗದದ ಪುಟ್ಟ ಬಿಲ್ಲೆಗಳನ್ನಿಟ್ಟು ಬೆಚ್ಚಗಿಡಬೇಕು. ಮರುದಿನ ನೋಡಿದರೆ, ಔಷಧಕ್ಕೆ ಮಣಿಯುವ ಜಾತಿಯಾದರೆ ಬಿಲ್ಲೆಯ ಸುತ್ತ ಏನೂ ಬೆಳೆಯದೆ ದುಂಡಗೆ ಬಯಲಾಗಿರುತ್ತದೆ. ಮಣಿಯದ್ದಾದರೆ ಬಿಲ್ಲೆಯ ಅಂಚಿನವರೆಗೂ ಒತ್ತಿಕೊಂಡು ಬೆಳೆದಿರುತ್ತದೆ. ಆ ಬಯಲನ್ನು ಅಳತೆಪಟ್ಟಿಯಿಂದ ಅಳೆದು ಬರೆಯುತ್ತ ನನ್ನ ಕಣ್ಣಿಗೆ ಕನ್ನಡಕ ಬಂತು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಬಯಲುಗಳು ಅಗಲವಾಗಿದ್ದವು. ಬರಬರುತ್ತ ಕಿರಿದಾದವು. ಒಂದು ಔಷಧದ ಸುತ್ತ ಬಯಲು ಮುಚ್ಚಿಹೋಗುವುದು, ಡಾಕ್ಟರುಗಳು ಇನ್ನೊಂದಕ್ಕೆ ಹಾರುವುದು, ಕೆಲವು ವರ್ಷಕ್ಕೆ ಅದೂ ಮುಚ್ಚುವುದು. ಮುಚ್ಚದೆ ಏನು ಮಾಡೀತು? ನೆಗಡಿಗೆ ಕ್ಯಾಪ್ಸೂಲ್ ಬರೆಯುವವರು, ಚೀಟಿಯಿಲ್ಲದೆ ನಾಲ್ಕು ಬಿಡಿ ಕ್ಯಾಪ್ಸೂಲ್ ಮಾರುವ ಅಂಗಡಿಯವರು, ಎರಡು ನುಂಗಿ ಆರಾಮಾಯಿತು ಎಂದು ಉಳಿದದ್ದನ್ನು ಮಸಾಲೆ ಡಬ್ಬಿಯಲ್ಲಿಡುವವರು, ಕೋಳಿ ಫಾರಮ್ಮಿನ ನೀರಿನ ತೊಟ್ಟಿಗೆ ಅದೇ ಔಷಧದ ಪುಡಿ ಸುರಿಯುವವರು. ಅರ್ಧಂಬರ್ಧ ಔಷಧ ಬಡಬ್ಯಾಕ್ಟೀರಿಯಾಗಳನ್ನು ಕೊಂದು ಗಟ್ಟಿ ಇದ್ದವಕ್ಕೆ ಜಾಗ ಮಾಡಿಕೊಡುತ್ತದೆ ಎಂದು ಸಭೆಗಳಲ್ಲಿ ಹೇಳಿ ಹೇಳಿ ನನ್ನ ಗಂಟಲು ಒಣಗಿತು. ಎಲ್ಲರೂ ತಲೆಯಾಡಿಸಿ ಚಹಾ ಕುಡಿದು ಎದ್ದುಹೋಗುತ್ತಿದ್ದರು. ಆಮೇಲಾಮೇಲೆ ನಾನೂ ಹೇಳುವುದನ್ನು ಬಿಟ್ಟೆ, ಅಳೆದು ಬರೆಯುವುದಷ್ಟೇ ಉಳಿಯಿತು.

ಪ್ರಯೋಗಾಲಯದಲ್ಲಿ ನನ್ನ ಜೊತೆ ಇದ್ದವರು ಮೋಮಿನಪುರದ ಒಬ್ಬ ಟೆಕ್ನಿಷಿಯನ್. ವಯಸ್ಸಿನಲ್ಲಿ ನನಗಿಂತ ಸ್ವಲ್ಪ ದೊಡ್ಡವರು, ಎಲ್ಲರಿಗೂ ಭಾಯಿ. ಬೇಸಿಗೆಯಲ್ಲಿ ಕರೆಂಟು ಹೋಗಿ ಬೆಚ್ಚಗಿಡುವ ಪೆಟ್ಟಿಗೆ ನಿಂತರೆ ನಾನು ಕೂಗಾಡುತ್ತಿದ್ದೆ. ಅವರು, "ಫಿಕರ್ ಯಾಕ್ರಿ ಮೇಡಂ, ಕಲಬುರಗಿ ಪೂರಾನೇ ಇನ್‌ಕ್ಯುಬೇಟರ್ ಅದ. ಹೊರಗ ಇಟ್ಟುಬಿಡ್ರಿ" ಎನ್ನುವರು. ನನ್ನ ಸಿಟ್ಟನ್ನು ಅಷ್ಟು ವರ್ಷ ತಡೆದುಕೊಂಡವರು ಮನೆಯಲ್ಲಿ ಯಜಮಾನರು, ಹೊರಗೆ ಇವರು.

ತೊಂಬತ್ತರ ದಶಕದ ಕೊನೆಯ ಒಂದು ಎಳ್ಳಮಾವಾಸ್ಯೆ. ನಮ್ಮ ಕಡೆ ಅದು ಊರಿಗೆ ಊರೇ ಹೊಲಕ್ಕೆ ಹೋಗಿ ಉಣ್ಣುವ ದಿನ. ಹಿಂದಿನ ದಿನವೇ ಭಜ್ಜಿ ಮಾಡಿಡುತ್ತಾರೆ: ಹಸಿಕಾಳು, ಸೊಪ್ಪು, ಬದನೆ, ಗಜ್ಜರಿ ಎಲ್ಲವನ್ನೂ ಕಡಲೆಹಿಟ್ಟು ಹುಣಸೆಹುಳಿ ಹಾಕಿ ಕುದಿಸಿದ ಪಲ್ಯ. ಸಜ್ಜೆ ರೊಟ್ಟಿ, ಕಡುಬು ಕಟ್ಟಿಕೊಂಡು ಹೋಗಿ, ಬೆಳೆಗೆ ನೈವೇದ್ಯವಾಗಿ ಚರಗ ಚೆಲ್ಲಿ, ಬನ್ನಿಗಿಡದ ಕೆಳಗೆ ಕೂತು ಉಣ್ಣುವುದು. ವಸತಿನಿಲಯದ ಸೆಕ್ರೆಟರಿಯವರದು ಕಮಲಾಪುರದ ಹತ್ತಿರವೇ ಹೊಲ. ಪ್ರತಿ ವರ್ಷ ಹುಡುಗಿಯರನ್ನೆಲ್ಲ ಅಲ್ಲಿಗೆ ಕರೆಸುತ್ತಿದ್ದರು. ಅಡುಗೆ ಸಣ್ಣವ್ವನದು.

ಹಬ್ಬದ ಮರುದಿನದಿಂದ ಹುಡುಗಿಯರಿಗೆ ವಾಂತಿ, ಭೇದಿ, ಜ್ವರ ಶುರುವಾಯಿತು. ಹೆಚ್ಚಿನವರು ಅಲ್ಲೇ ಸುಧಾರಿಸಿಕೊಂಡರು. ಕೆಲವರು ನಮ್ಮ ಆಸ್ಪತ್ರೆಗೆ ಬಂದರು. ಅದರಲ್ಲಿ ಒಂಬತ್ತನೇ ಇಯತ್ತೆ ಓದುತ್ತಿದ್ದ ಒಬ್ಬ ಹುಡುಗಿಯ ಸ್ಥಿತಿ ಕೆಟ್ಟಿತು. ಮೊದಲು ಕೊಟ್ಟ ಔಷಧ ಹತ್ತಲಿಲ್ಲ, ಎರಡನೆಯದೂ ಹತ್ತಲಿಲ್ಲ. ನಮ್ಮ ತಟ್ಟೆ ನೋಡಿ ಡಾಕ್ಟರು ಸೂಜಿಯಲ್ಲಿ ಕೊಡುವ ಹೊಸ ಔಷಧಕ್ಕೆ ಬಂದ ಮೇಲೆ ಹುಡುಗಿ ಕಣ್ಣು ಬಿಟ್ಟಳು. ಅವಳ ಅಪ್ಪ ಕಾರಿಡಾರಿನಲ್ಲಿ ಗೋಡೆಗೆ ತಲೆ ಆನಿಸಿ ನಿಂತಿದ್ದನ್ನು ದಿನಾ ದಾಟಿಕೊಂಡು ನಾನು ಒಳಗೆ ಹೋಗುತ್ತಿದ್ದೆ. ತಟ್ಟೆಯಲ್ಲಿ ಬೆಳೆದದ್ದು ಸಾಲ್ಮೊನೆಲ್ಲಾ, ಕೆಟ್ಟ ಅನ್ನ ನೀರಿನಿಂದ ಹೊಟ್ಟೆ ಸೇರುವ ಬ್ಯಾಕ್ಟೀರಿಯಾ. ಹಳೆಯ ಔಷಧಗಳ ಬಿಲ್ಲೆಗಳ ಸುತ್ತ ಬಯಲೇ ಇರಲಿಲ್ಲ.

ಸೆಕ್ರೆಟರಿಯವರು ಅಡುಗೆಮನೆಯ ಎಲ್ಲರ ಮಲಪರೀಕ್ಷೆ ಮಾಡಿಸಲು ಸೀಸೆಗಳನ್ನು ಕಳಿಸಿದರು. ಒಂದರ ಮೇಲೆ ಸಣ್ಣವ್ವನ ಹೆಸರಿತ್ತು. ಏನೂ ಬೆಳೆಯದಿರಲಿ ಎಂದು ಅಂದುಕೊಂಡೇ ತಟ್ಟೆ ತೆಗೆದೆ. ಅವಳೊಬ್ಬಳ ತಟ್ಟೆಯಲ್ಲಿ ಸಾಲ್ಮೊನೆಲ್ಲಾ ಬೆಳೆದಿತ್ತು. ತನಗೇನೂ ಆಗದೆ, ತನಗೇ ತಿಳಿಯದೆ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡುವ ಜನ ಇರುತ್ತಾರೆ.

ಮರುದಿನ ಅದಕ್ಕೆ ಬಿಲ್ಲೆಯಿಟ್ಟ ತಟ್ಟೆಯನ್ನು ಭಾಯಿ ಬೆಳಕಿಗೆ ಹಿಡಿದು ನನ್ನನ್ನು ಕರೆದರು. ಎಲ್ಲ ಬಿಲ್ಲೆಗಳ ಸುತ್ತಲೂ ಅಗಲವಾದ ಬಯಲು. ನಾವು ಬಳಸುವುದನ್ನೇ ಬಿಟ್ಟಿದ್ದ ಔಷಧದ ಸುತ್ತಲೂ ಬಯಲು.

"ಮೇಡಂ, ಇದು ನಿಜಾಮರ ಜಮಾನಾದ್ದು ಕಾಣಸ್ತದ" ಎಂದರು ಭಾಯಿ. "ಒಂದು ಗುಳಿಗಿನೂ ನೋಡಿಲ್ಲ ಪಾಪ."

ಹುಡುಗಿಯರ ಬ್ಯಾಕ್ಟೀರಿಯಾ ಔಷಧಗಳಲ್ಲಿ ಪಳಗಿದ್ದು, ಇವಳದು ಏನೂ ಅರಿಯದ್ದು. ಒಂದರಿಂದ ಇನ್ನೊಂದು ಹುಟ್ಟಿರುವುದು ಕಷ್ಟ. ಹಾಗೆಂದು ವರದಿಯಲ್ಲಿ ಬರೆದು, ಬರೆದದ್ದು ಸಾಲದೆಂದು ನಾನೇ ಬಸ್ಸು ಹತ್ತಿ ಕಮಲಾಪುರಕ್ಕೆ ಹೋದೆ. ಅಷ್ಟರಲ್ಲಿ ಸಣ್ಣವ್ವನಿಗೆ ಕೋಣೆ ಬಿಡಲು ಹೇಳಿ ಆಗಿತ್ತು. ಟ್ರಂಕು ವರಾಂಡದಲ್ಲಿತ್ತು, ಅವಳು ಅದರ ಮೇಲೆ ಕೂತಿದ್ದಳು.

ಸೆಕ್ರೆಟರಿಯವರು ಕೆಟ್ಟವರಲ್ಲ. ನಿವೃತ್ತ ಮಾಸ್ತರು, ನಿದ್ದೆಯಿಲ್ಲದೆ ಕಣ್ಣು ಕೆಂಪಾಗಿದ್ದವು.

"ನಿಮ್ಮ ಮಾತು ನನಗ ತಿಳೀತದ್ರಿ ಮೇಡಂ. ಆದ್ರ ಹುಡುಗ್ಯಾರ ಅಪ್ಪ ಅವ್ವ ಬಂದು ಗೇಟಿನಾಗ ನಿಂತಾರ. ಅವರಿಗಿ ಏನ್ ಹೇಳ್ಲಿ? ಹುಡುಗ್ಯಾರ ಹೊಟ್ಟ್ಯಾಗೂ ಆ ಹುಳ, ಇಕಿ ಹೊಟ್ಟ್ಯಾಗೂ ಆ ಹುಳ. ಹೆಸರೂ ಒಂದ ಅಂತೀರಿ."

"ಹೆಸರು ಒಂದ ಇದ್ರ ಏನಾತ್ರಿ? ಕಮಲಾಪುರದಾಗ ಒಂದ ಅಡ್ಡಹೆಸರಿನವರು ಎಷ್ಟು ಮನಿ ಅವ, ಎಲ್ಲಾರೂ ಒಬ್ಬಾತನ ಮಕ್ಕಳೇನು?" ನನ್ನ ದನಿ ಏರಿತು.

ಅವರು ಏರಿಸಲಿಲ್ಲ. "ಹಂಗಾರ ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಹಾಸ್ಟೆಲ್‌ನಾಗ ಯಾರಿಗಿ ಏನಾದ್ರೂ ಒಬ್ಬರೇ ಡಾಕ್ಟರು, ಅವೇ ಗುಳಿಗಿ. ಹೋದ ವರ್ಷ ಇಕಿಗೂ ಜ್ವರ ಬಂದಿತ್ತು, ಗುಳಿಗಿ ತಂದುಕೊಟ್ಟಾಂವ ನಾನೇ. ಊರಾಗ ಎಲ್ಲಾರ ಹುಳಕ್ಕೂ ಗುಳಿಗಿ ರೂಢಿ ಆಗ್ಯದ, ಇಕಿದಕ್ಕ ಮಾತ್ರ ಯಾಕ ಆಗಿಲ್ಲ? ನಿಮ್ಮ ತಟ್ಟೀನ ತಪ್ಪಿರಬೇಕು. ಪಕ್ಕಾ ಪುರಾವೆ ತೊಗೊಂಡು ಬರ್ರಿ. ಇಕಿ ಹೊಟ್ಟೀನೂ ಸಾಫ್ ಆಗಲಿ. ಒಲಿ ಎಲ್ಲಿಗೂ ಹೋಗೂದಿಲ್ಲ."

ಟ್ರಂಕು ಬಸ್ಸಿನ ಮೇಲೆ ಹಾಕಿಸಿ ಸಣ್ಣವ್ವನನ್ನು ಕರೆದುಕೊಂಡು ಬಂದೆ. ತವರೂರು ಮಹಾಗಾಂವ ದಾಟುವಾಗ ಅವಳು ಕಿಟಕಿಯ ಕಡೆ ನೋಡಲಿಲ್ಲ.

ಪಕ್ಕಾ ಪುರಾವೆ ಅಂದರೆ ಬ್ಯಾಕ್ಟೀರಿಯಾದ ವಂಶವನ್ನೇ ಬಿಡಿಸಿ ನೋಡಬೇಕು. ಅದು ಕಲಬುರಗಿಯಲ್ಲಿ ಆಗುವ ಕೆಲಸವಾಗಿರಲಿಲ್ಲ. ನನ್ನ ಜೊತೆ ಓದಿದವಳೊಬ್ಬಳು ಹೈದರಾಬಾದಿನ ದೊಡ್ಡ ಪ್ರಯೋಗಾಲಯದಲ್ಲಿದ್ದಳು. ಬಿಡುವಾದಾಗ ಮಾಡಿಕೊಡುತ್ತೇನೆ ಎಂದಳು. ಭಾಯಿ ಅಕ್ಕನ ಮನೆಯ ಮದುವೆಗೆ ಹೈದರಾಬಾದಿಗೆ ಹೊರಟಿದ್ದರು. ಹುಡುಗಿಯರ ಬ್ಯಾಕ್ಟೀರಿಯಾ, ಸಣ್ಣವ್ವನ ಬ್ಯಾಕ್ಟೀರಿಯಾ, ಎಲ್ಲವನ್ನೂ ಪುಟ್ಟ ಸೀಸೆಗಳಲ್ಲಿ ತುಂಬಿ, ಬಿರಡೆಗೆ ಮೇಣ ಹಾಕಿ ಕೊಟ್ಟೆ. ಅವರು ಅದನ್ನು ಸ್ಟೀಲಿನ ಊಟದ ಡಬ್ಬಿಯಲ್ಲಿಟ್ಟುಕೊಂಡದ್ದನ್ನು ನೋಡಿ, ಆ ಡಬ್ಬಿಯಲ್ಲಿ ಮದುವೆಯ ಬಿರಿಯಾನಿ ತುಂಬಿಕೊಂಡು ಬಂದರೆ ಒಳಗೆ ಬಿಟ್ಟುಕೊಳ್ಳುವುದಿಲ್ಲ ಎಂದು ಬೈದೆ. "ಬಿರ್ಯಾನಿಗಿ ಬ್ಯಾರೆ ಡಬ್ಬಿ ಅದರಿ" ಎಂದು ಅವರು ಚೀಲ ಬಿಚ್ಚಿ ತೋರಿಸಿದರು.

ಕಾಯುವುದು ಶುರುವಾಯಿತು. ಚಳಿಗಾಲ ಮುಗಿಯಿತು. ಸಣ್ಣವ್ವನ ಹೊಟ್ಟೆ ಶುದ್ಧವಾಗುವವರೆಗೆ ಅಡುಗೆಮನೆಗೆ ಕಾಲಿಡಬೇಡ ಎಂದು ನಾನೇ ಹೇಳಿದ್ದೆ. ಹೇಳಲೇಬೇಕಾಗಿತ್ತು. ಅವಳು ಬೆಳಿಗ್ಗೆಯಿಂದ ಅಡುಗೆಮನೆಯ ಹೊಸ್ತಿಲ ಹೊರಗೆ ಮಣೆ ಹಾಕಿ ಕೂತು, ನನ್ನ ಮಗಳು ರೊಟ್ಟಿ ಬಡಿಯುವುದನ್ನು ನೋಡುತ್ತ, "ಇನ್ನೊಂದು ಸ್ವಲ್ಪ ತೆಳ್ಳಗ ಮಾಡವ್ವಾ" ಅನ್ನುವಳು. ಕೈಗಳು ಮಾತ್ರ ಸುಮ್ಮನಿರುತ್ತಿರಲಿಲ್ಲ. ಸೆರಗಿನ ಅಂಚನ್ನು ಮಡಚುವುದು, ಬಿಚ್ಚುವುದು. ಕೆಲಸದಿಂದ ದಣಿದು ಬಂದು ಅವಳನ್ನು ಹಾಗೆ ನೋಡಿದರೆ ನನಗೆ ಬರಬೇಕಾದ ಅಳು ಸಿಟ್ಟಾಗಿ ಹೊರಬೀಳುತ್ತಿತ್ತು.

ಇಂಥದ್ದಕ್ಕೆ ಔಷಧ ಬೇಡ, ತಾನೇ ಹೋಗುತ್ತದೆ ಎನ್ನುವ ಡಾಕ್ಟರುಗಳೂ ಇದ್ದರು. ನಮ್ಮ ಆಸ್ಪತ್ರೆಯವರು ಕೊಟ್ಟೇಬಿಡೋಣ ಎಂದು ಕ್ಯಾಪ್ಸೂಲ್ ಬರೆದರು. ಪೂರ್ತಿ ನುಂಗಿಸುವ ಹೊಣೆ ನನ್ನದು. ನೀರಿನ ಲೋಟ ಕೊಟ್ಟು ಎದುರಿಗೆ ಕೂತೆ. ಅವಳು ಕ್ಯಾಪ್ಸೂಲನ್ನು ಅಂಗೈಯಲ್ಲಿಟ್ಟುಕೊಂಡು ನನ್ನ ಮುಖ ನೋಡಿದಳು.

"ಎದುರಿಗಿ ಕುಂದರಬ್ಯಾಡವ್ವಾ. ಗಂಟಲಾಗ ಇಳಿಯೂದಿಲ್ಲ."

"ಯಾಕ?"

"ನೀ ಸುಮ್ನ ಕುಂತೀದಿ, ನಾ ಒಬ್ಬಾಕಿನ ನುಂಗೂದು…" ಎಂದು ತನ್ನ ಮಾತಿಗೆ ತಾನೇ ನಕ್ಕಳು. ನಗುತ್ತಲೇ ಗೋಡೆಯ ಕಡೆ ತಿರುಗಿ ಕೂತು ನೀರು ಕುಡಿದಳು.

ಮರುದಿನ ಅವಳ ಸೀರೆ ಒಣಹಾಕುವಾಗ ಸೆರಗಿನ ತುದಿಯ ಗಂಟು ಕೈಗೆ ಸಿಕ್ಕಿತು. ಬಿಚ್ಚಿದರೆ ಕ್ಯಾಪ್ಸೂಲ್. ಮೇಲಿನ ಮನೆಯ ಕೂಸಿಗೆ ಕೆಮ್ಮು ಹತ್ತಿದೆ, ಅದಕ್ಕಾಗಿ ಇಟ್ಟಿದ್ದಂತೆ. ನಾನು ಕೂಗಾಡಿದೆ. ಕೂಗಾಡುವಾಗಲೇ ಸೆಕ್ರೆಟರಿಯವರ ಪ್ರಶ್ನೆ ನೆನಪಾಯಿತು.

"ಹೋದ ವರ್ಷ ಜ್ವರ ಬಂದಾಗ ಅವರು ತಂದುಕೊಟ್ಟ ಗುಳಿಗಿ ಏನ್ ಮಾಡ್ದಿ?"

"ಹುಡುಗ್ಯಾರಿಗಿ ಕೊಟ್ಟೆ."

"ಅದಕ್ಕೂ ಮೊದಲಿನವು?"

"ಅವನ್ನೂ ಕೊಟ್ಟೀನಿ. ನನಗ ಸುಂಠಿ ಕಷಾಯ ಕುಡದ್ರ ಇಳೀತದ. ಅವು ಎಳೀ ಮಕ್ಕಳು, ಹೊಟ್ಟಿ ನೋವು ಅಂತ ಬರ್ತಾವ. ಒಂದೊಂದು ಕೊಡ್ತಿದ್ದೆ. ಬಾಳ ಮಂದಿ ಇದ್ರ ಬಿಚ್ಚಿ ಪುಡಿ ಬೆಲ್ಲದಾಗ ಹಾಕಿ ಎಲ್ಲಾರಿಗೂ ಮುಟ್ಟಸ್ತಿದ್ದೆ."

ನಾನು ಒದ್ದೆ ಸೀರೆ ಹಿಡಿದುಕೊಂಡೇ ಕೂತುಬಿಟ್ಟೆ. ಬದುಕಿನಲ್ಲಿ ಒಂದು ಗುಳಿಗೆಯನ್ನೂ ತಾನು ನುಂಗದ ಕಾರಣ ಅವಳ ಹೊಟ್ಟೆಯ ಬ್ಯಾಕ್ಟೀರಿಯಾ ಏನೂ ಅರಿಯದೆ ಉಳಿದಿತ್ತು. ಅದೇ ಅವಳನ್ನು ಪಾರು ಮಾಡಬಲ್ಲ ಸಂಗತಿ. ಆದರೆ ಆ ಗುಳಿಗೆಗಳು ಹೋದದ್ದೆಲ್ಲಿಗೆ ಎಂದು ಯಾರಾದರೂ ಕೇಳಿದರೆ ಅದೇ ಸಂಗತಿ ಅವಳ ಮೇಲೆ ತಿರುಗುತ್ತಿತ್ತು. ಚೂರು ಚೂರು ಔಷಧದಿಂದ ಏನಾಗುತ್ತದೆ ಎಂದು ಊರಿಗೆಲ್ಲ ಹೇಳಿದವಳು ನಾನು. ಅವಳಿಗೆ ಹೇಳಲು ಆ ದಿನ ಬಾಯಿ ಬರಲಿಲ್ಲ. ಇದನ್ನು ಕಮಲಾಪುರದಲ್ಲಿ ಯಾರ ಮುಂದೂ ಆಡಬೇಡ ಎಂದಷ್ಟೇ ಹೇಳಿದೆ. ಯಾಕೆ ಎಂದು ಕೇಳಿದಳು. ನಾನು ಸೀರೆ ಹರವಲು ಹೋದೆ. ಅವತ್ತಿನಿಂದ ಪ್ರತಿ ಕ್ಯಾಪ್ಸೂಲನ್ನೂ ಎದುರಿಗೇ ನಿಂತು ನುಂಗಿಸಿದೆ.

ಬಿಸಿಲು ಏರಿ, ಕೋಟೆಯ ಕಡೆಯಿಂದ ಬೆಂಕಿಯಂಥ ಗಾಳಿ ಬೀಸತೊಡಗಿದ ಮೇಲೆ ಹೈದರಾಬಾದಿನಿಂದ ಫಲಿತಾಂಶ ಬಂತು. ಒಂದು ಫೋಟೊ. ಬ್ಯಾಕ್ಟೀರಿಯಾದ ಡಿಎನ್‌ಎಯನ್ನು ತುಂಡರಿಸಿ ಅಂಟಿನ ಹಾಸಿನಲ್ಲಿ ಕರೆಂಟಿನಿಂದ ಹರಿಬಿಟ್ಟರೆ ಬಿಳಿಯ ಗೆರೆಗಳು ಮೂಡುತ್ತವೆ. ಒಂದೇ ವಂಶದ್ದಾದರೆ ಗೆರೆಗಳು ಒಂದೇ ಜಾಗದಲ್ಲಿ ನಿಲ್ಲುತ್ತವೆ. ಸಣ್ಣವ್ವನ ಸಾಲಿನ ಗೆರೆಗಳು ಯಾವ ಹುಡುಗಿಯ ಗೆರೆಗಳಿಗೂ ಕೂಡುತ್ತಿರಲಿಲ್ಲ. ನಾನು ನೆನೆಸದಿದ್ದ ಇನ್ನೊಂದೂ ಅದರಲ್ಲಿತ್ತು. ಹುಡುಗಿಯರ ಸಾಲುಗಳೂ ಒಂದೇ ಥರ ಇರಲಿಲ್ಲ, ಎರಡು ಬಗೆಯಾಗಿದ್ದವು. ಒಂದೇ ಪಾತ್ರೆಯ ಅಡುಗೆ ಉಂಡವರ ಹೊಟ್ಟೆಯಲ್ಲಿ ಎರಡು ಬೇರೆ ಬೇರೆ ಮನೆತನ. ಅಷ್ಟರೊಳಗೆ ಸಣ್ಣವ್ವನ ಮಲಪರೀಕ್ಷೆ ಮತ್ತೆ ಮತ್ತೆ ಮಾಡಿದರೂ ಏನೂ ಬೆಳೆದಿರಲಿಲ್ಲ.

ಇಬ್ಬರೂ ಕಮಲಾಪುರಕ್ಕೆ ಹೋದೆವು. ಅವಳು ಒಗೆದ ಇಳಕಲ್ ಸೀರೆ ಉಟ್ಟಿದ್ದಳು. ಸೆಕ್ರೆಟರಿಯವರ ಕೋಣೆಯಲ್ಲಿ ಫೋಟೊ ಮೇಜಿನ ಮೇಲಿಟ್ಟು ಹೇಳಿದೆ. ಅವರು ಕನ್ನಡಕ ಏರಿಸಿ ಗೆರೆಗಳ ಮೇಲೆ ಬೆರಳಾಡಿಸಿದರು.

"ಅಂದ್ರ ಇಕಿ ಕೈಯಿಂದ ಬಂದಿಲ್ಲ."

"ಇಲ್ರಿ."

"ಮತ್ತ ಹುಡುಗ್ಯಾರಿಗಿ ಎರಡು ಥರದ್ದು ಎಲ್ಲಿಂದ ಬಂತು?"

ಬಾಗಿಲ ಹೊರಗೆ ಹುಡುಗಿಯರು ಗುಂಪಾಗಿ ನಿಂತಿದ್ದರು. ಆಯಿ ಬಂದಿದ್ದಾಳೆಂದು ಓಡಿ ಬಂದವರು. ಅವರಲ್ಲಿ ಆಸ್ಪತ್ರೆಯಲ್ಲಿದ್ದ ಹುಡುಗಿಯೂ ಇದ್ದಳು, ಕುತ್ತಿಗೆ ಇನ್ನೂ ಕಡ್ಡಿಯ ಹಾಗಿತ್ತು. ಅವಳೇ ಮೆಲ್ಲಗೆ ಅಂದಳು: "ಸರ್, ನಾವು ಬಾಜೂದ ಹೊಲಗಳಿಗೂ ಹೋಗಿದ್ವಿರಿ. ಕರದ್ರು. ಭಜ್ಜಿ ಕೊಟ್ರು, ಮಜ್ಜಿಗಿ ಕೊಟ್ರು. ವಾರ್ಡನ್ ಮೇಡಂ ಬೈತಾರಂತ ಹೇಳಿಲ್ರಿ."

ಸೆಕ್ರೆಟರಿಯವರು ಹಣೆ ಬಡಿದುಕೊಂಡರು. "ಅಮಾಸಿ ದಿನ ಒಂದ ಹೊಲದಾಗ ಉಂಡು ಮನಿಗಿ ಯಾರು ಬರ್ತಾರ್ರಿ! ನನ್ನ ತಲಿಗಿ ಹೊಳೀಲಿಲ್ಲ ನೋಡ್ರಿ." ನನಗೂ ಹೊಳೆದಿರಲಿಲ್ಲ. ಆ ದಿನ ಎದುರಾದ ಹೊಲದವರೆಲ್ಲ ಕೈಹಿಡಿದು ಕೂರಿಸಿ ಒಂದು ತುತ್ತಾದರೂ ಉಣಿಸದೆ ಕಳಿಸುವುದಿಲ್ಲ. ಅದನ್ನು ತಿಳಿಯಲು ಹೈದರಾಬಾದಿಗೆ ಹೋಗಬೇಕಾಗಿರಲಿಲ್ಲ.

ಅಲ್ಲಿಗೆ ಮುಗಿಯಿತು ಎಂದು ನಾನು ಫೋಟೊ ಮಡಚಿ ಎತ್ತಿಕೊಳ್ಳುತ್ತಿದ್ದೆ. ಸೆಕ್ರೆಟರಿಯವರು, "ಆದ್ರೂ ಇಕಿದಕ್ಕ ಗುಳಿಗಿ ರೂಢಿ ಇಲ್ಲ ಅನ್ನೂದು ತಿಳೀಲಿಲ್ಲ ಬಿಡ್ರಿ" ಎಂದು ಸುಮ್ಮನೆ ಅಂದರು. ಕೇಳಬೇಕೆಂದು ಕೇಳಿದ್ದೂ ಅಲ್ಲ. ನಾನು ಸಣ್ಣವ್ವನ ಮೊಣಕೈ ಹಿಡಿದು ಎಳೆದೆ. ಅವಳು ಬಿಡಿಸಿಕೊಂಡಳು.

"ನಾ ನುಂಗಿಲ್ರಿ ಸರ್. ನೀವು ಕೊಟ್ಟಿದ್ದು ಇವಕ್ಕೆಲ್ಲ ಹಂಚೀನಿ."

"ಹೌದ್ರಿ" ಎಂದಳು ಆ ಹುಡುಗಿ, ಆಯಿಯ ಪರವಾಗಿ ಸಾಕ್ಷಿ ಹೇಳುವ ಉತ್ಸಾಹದಲ್ಲಿ. "ನನಗ ಹೊಟ್ಟಿ ನೋವು ಬಂದಾಗೆಲ್ಲ ಆಯಿನೇ ಗುಳಿಗಿ ಕೊಟ್ಟಾಳ."

ಸೆಕ್ರೆಟರಿಯವರು ನನ್ನನ್ನು ನೋಡಿದರು. ಮಾಸ್ತರಿಕೆ ಮಾಡಿದ ಮನುಷ್ಯ, ಲೆಕ್ಕ ಕೂಡಿಸುವುದು ತಡವಾಗಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ನಾಳಿಯಿಂದ ಒಲಿ ಮುಂದ ನಿಂದ್ರವ್ವಾ. ಗುಳಿಗಿ ಮಾತ್ರ ಯಾರಿಗೂ ಕೊಡಬ್ಯಾಡ" ಎಂದರು. ಅವರ ಬಗ್ಗೆ ಅದುವರೆಗೆ ನನಗಿದ್ದ ಸಿಟ್ಟೆಲ್ಲ ಇಳಿಯಿತು.

ಸಣ್ಣವ್ವ ದಡ್ಡಿಯಲ್ಲ. ನನ್ನನ್ನು ಬಸ್ಸಿಗೆ ಬಿಡಲು ಬಂದವಳು ನಿಲ್ದಾಣದ ಕಟ್ಟೆಯ ಮೇಲೆ ಕೂತು ಕೇಳಿದಳು.

"ಆ ಹುಡುಗಿಗಿ ಔಷಧ ಹತ್ತಲಿಲ್ಲಲ್ಲ, ಅದು ನನ್ನಿಂದೇನು?"

ಇಲ್ಲ ಅನ್ನಬಹುದಿತ್ತು. ಅವಳ ಮುಂದೆ ನನಗೆ ಸುಳ್ಳು ನಿಲ್ಲುವುದಿಲ್ಲ. ಗೊತ್ತಿಲ್ಲ ಸಣ್ಣವ್ವಾ, ಯಾರಿಗೂ ಗೊತ್ತಾಗುವುದಿಲ್ಲ ಎಂದೆ. ಅದು ಆ ಹೊಲದ ಮಜ್ಜಿಗೆಯಲ್ಲೇ ಪಳಗಿ ಬಂದಿದ್ದಿರಬಹುದು. ಇಡೀ ಜಿಲ್ಲೆಯೇ ಗುಳಿಗೆಯನ್ನು ಹಂಚಿಕೊಂಡು ತಿನ್ನುತ್ತಿದೆ, ಡಾಕ್ಟರು, ಅಂಗಡಿಯವರು, ಕೋಳಿ ಸಾಕುವವರು, ಎಲ್ಲರೂ ಸೇರಿ ಮಾಡಿದ್ದು, ನಿನ್ನದು ಅದರಲ್ಲಿ ಎಷ್ಟರ ಮಾತು ಎಂದೆಲ್ಲ ಹೇಳಿದೆ. ಅವಳು ಕೇಳಿಸಿಕೊಂಡಳು.

"ಅಂದ್ರ ಅದರಾಗ ನನ್ನ ಪಾಲೂ ಅದ" ಎಂದಳು.

ಬಸ್ಸು ಬಂತು. ನಾನು ಹತ್ತಿದೆ.

ಅವಳು ಮತ್ತೆ ಒಲೆಯ ಮುಂದೆ ನಿಂತಳು. ಮೊದಲಿನ ಹಾಗೆಯೇ ಅಡುಗೆ ಮಾಡಿದಳಂತೆ. ಆದರೆ ಹುಡುಗಿಯರು ಬೆಲ್ಲದ ಚೂರು, ಕಾಯಿಯ ತುಂಡು ಕೇಳಿಕೊಂಡು ಬಂದರೆ ಕೈಯಿಂದ ಕೈಗೆ ಕೊಡುತ್ತಿರಲಿಲ್ಲ. ಊಟದ ಹೊತ್ತಿಗೆ ತಾಟು ತಗೊಂಡು ಬಾ ಅನ್ನುವಳು. ಕಲಬುರಗಿಗೆ ಬರುವಾಗ ಕೆಂಪು ಬಾಳೆ ತರುವುದನ್ನು ಬಿಡಲಿಲ್ಲ. ಸುಲಿಯದೆ, ಹೆಚ್ಚದೆ, ಇಡೀ ಹಣ್ಣನ್ನು ನನ್ನ ಕೈಗೆ ಕೊಟ್ಟು, "ನೀನ ಹಂಚವ್ವಾ" ಎನ್ನತೊಡಗಿದಳು. ಅವಳು ಹೆಚ್ಚಿದ ಹಾಗೆ ಸಮನಾಗಿ ಹೆಚ್ಚಲು ನನಗೆ ಇವತ್ತಿಗೂ ಬರುವುದಿಲ್ಲ. ನನ್ನ ವಿದ್ಯೆಯಿಂದ ಅವಳಿಗೆ ಅವಳ ಒಲೆ ಸಿಕ್ಕಿತು ಎಂದು ಯಜಮಾನರು ಸಮಾಧಾನ ಹೇಳುತ್ತಿದ್ದರು. ನನಗೆ ಆ ಹಣ್ಣನ್ನು ನೋಡಿದರೆ ಸಂಕಟವಾಗುತ್ತಿತ್ತು.

ಕೆಲವು ವರ್ಷಗಳ ಮೇಲೆ, ಎರಡು ಸಾವಿರ ದಾಟಿದ ಮೇಲೆ, ಅವಳಿಗೇ ಜ್ವರ ಬಂತು. ಇಳಿಯದ ಜ್ವರ. ನಮ್ಮ ಆಸ್ಪತ್ರೆಗೇ ತಂದು ಮಲಗಿಸಿದೆವು. ರಕ್ತ ಪ್ರಯೋಗಾಲಯಕ್ಕೆ ಬಂತು. ವಿಷಮಜ್ವರ, ಅದೂ ಸಾಲ್ಮೊನೆಲ್ಲಾಗಳದೇ ಮನೆತನ. ಭಾಯಿ ನಿವೃತ್ತಿಯ ಅಂಚಿನಲ್ಲಿದ್ದರು. ತಟ್ಟೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು, ಈ ಸಲ ಚೇಷ್ಟೆ ಮಾಡಲಿಲ್ಲ. ಕ್ಯಾಪ್ಸೂಲಿನ ಔಷಧಗಳ ಸುತ್ತ ಎಲ್ಲೂ ಬಯಲಿಲ್ಲ. ಸೂಜಿಯ ಔಷಧದ ಸುತ್ತ ಮಾತ್ರ ಅಷ್ಟಗಲ ಜಾಗ ಉಳಿದಿತ್ತು. ಜೀವಮಾನದಲ್ಲಿ ಒಂದೇ ಸಲ, ಅದೂ ನನ್ನ ಕಾವಲಿನಲ್ಲಿ, ಕ್ಯಾಪ್ಸೂಲ್ ನುಂಗಿದ್ದ ಹೆಂಗಸು. ಊರೆಲ್ಲ ಪಳಗಿಸಿದ್ದು ಅವಳ ಪಾಲಿಗೂ ಬಂದಿತ್ತು.

ಅಳೆದು ಬರೆದು ವಾರ್ಡಿಗೆ ಹೋದೆ. ಆ ಸಲ ಅವಳು ಬದುಕಿ ಮನೆಗೆ ಬಂದಳು, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಪಕ್ಕದ ಮಂಚದಲ್ಲಿ ಅವಳಷ್ಟೇ ವಯಸ್ಸಿನ ಇನ್ನೊಬ್ಬ ಹೆಂಗಸು ಜ್ವರದಲ್ಲಿ ನರಳುತ್ತಿದ್ದಳು. ಸಣ್ಣವ್ವ ಅತ್ತ ನೋಡುವುದು, ಕಣ್ಣು ಮುಚ್ಚುವುದು, ಮತ್ತೆ ನೋಡುವುದು ಮಾಡುತ್ತಿದ್ದಳು. ಏನು ಬಂತು ಎಂದು ಕೇಳಿದಳು. ಗುಳಿಗೆಯಿಂದ ಆಗುವುದಿಲ್ಲ ಸಣ್ಣವ್ವಾ, ಸೂಜಿಯೇ ಆಗಬೇಕು ಎಂದೆ.

ನರ್ಸ್ ಬಂದಳು. ಸಣ್ಣವ್ವ ಈ ಸಲ ಗೋಡೆಯ ಕಡೆ ತಿರುಗಲಿಲ್ಲ. ರವಿಕೆಯ ತೋಳು ತಾನೇ ಸರಿಸಿ, ಪಕ್ಕದ ಮಂಚದವಳನ್ನು ನೋಡುತ್ತಲೇ ಕೈ ಮುಂದೆ ಮಾಡಿದಳು.

"ಸೂಜಿ ಚಲೋದು ನೋಡವ್ವಾ" ಎಂದಳು ನನಗೆ. "ಇದನ್ನ ಹಂಚಾಕ ಬರೂದಿಲ್ಲ."